ದೂರದ ವಿಮಾನದಲ್ಲಿ ಕಿಟಕಿ ಸೀಟು: ಯಾವ ಕಡೆ, ಯಾವ ಸಾಲು

ಹುಬ್ಬಳ್ಳಿಯಲ್ಲಿ ಅಮೆರಿಕಕ್ಕೋ ಯುರೋಪಿಗೋ ಟಿಕೆಟ್ ಮಾಡಿಸಲು ಟ್ರಾವೆಲ್ಸ್ ಆಫೀಸಿನಲ್ಲಿ ಕೂತರೆ ಕೊನೆಗೊಂದು ಪ್ರಶ್ನೆ ಬಂದೇ ಬರುತ್ತದೆ: "ವಿಂಡೋ ಬೇಕೇನ್ರಿ, ಐಲ್ ಬೇಕೇನ್ರಿ?" ಐಲ್ ಅಂದರೆ ಓಡಾಡುವ ದಾರಿಯ ಪಕ್ಕದ ಸೀಟು. ವಿಂಡೋ ಅಂದಿರಿ, ಅಲ್ಲಿಗೆ ಮುಗಿಯಿತು. ಎಡಗಡೆಯೋ ಬಲಗಡೆಯೋ ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೀಗೆ ದುಡ್ಡು ಕೊಟ್ಟು ಹಿಡಿದ ಕಿಟಕಿಯಲ್ಲಿ ಕತ್ತಲೆಯೋ, ರೆಕ್ಕೆಯೋ, ಕಣ್ಣಿಗೆ ಹೊಡೆಯುವ ಬಿಸಿಲೋ ಸಿಗುತ್ತದೆ. ಆಲ್ಪ್ಸ್ ಪರ್ವತ ಆಚೆ ಬದಿಯವರ ಕಿಟಕಿಯಲ್ಲಿ ಹಾದುಹೋಗುತ್ತದೆ.

ಸೀಟಿನ ನಕ್ಷೆ ತೆರೆದು ಖಾಲಿ ಕಂಡ ಚೌಕದ ಮೇಲೆ ಒತ್ತುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಮೊದಲು ಬೆಳಕು ನೋಡಬೇಕು, ಆಮೇಲೆ ದಾರಿ, ಆಮೇಲೆ ಕಡೆ. ಸಾಲು, ಕಿಟಕಿ ಎಲ್ಲ ಅದರ ನಂತರ.

1. ಬೆಳಕಿನ ತಾಸುಗಳನ್ನು ಎಣಿಸಿ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯ ನಂತರ ಹೊರಟು ಅಲ್ಲಿ ಬೆಳಿಗ್ಗೆ ಇಳಿಯುತ್ತವೆ. ಪಶ್ಚಿಮಕ್ಕೆ ಹೋಗುವಾಗ ರಾತ್ರಿಯೂ ನಿಮ್ಮ ಜೊತೆಗೇ ಬರುತ್ತದೆ, ಹಾಗಾಗಿ ಹತ್ತು ತಾಸಿನ ಪ್ರಯಾಣದಲ್ಲಿ ನೋಡಲು ಸಿಗುವುದು ಕೊನೆಯ ಎರಡು ಮೂರು ತಾಸು ಮಾತ್ರ. ಅದೇ ಪ್ರಯಾಣಿಕರು ಲಂಡನ್ನಿನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿ ಅಮೆರಿಕದ ಕಡೆ ಹೊರಟರೆ ಎರಡನೆಯ ಹಾರಾಟ ಪೂರಾ ಹಗಲಿನಲ್ಲಿ ಆಗುತ್ತದೆ. ಮಧ್ಯಾಹ್ನ ಲಂಡನ್ ಬಿಟ್ಟರೆ ಸುಮಾರು ಹನ್ನೊಂದು ತಾಸು ಹಾರಿದ ಮೇಲೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನದ ಮಧ್ಯಾಹ್ನವೇ ಇರುತ್ತದೆ.

ಇದರ ಲೆಕ್ಕ ಸರಳ. ಭೂಮಧ್ಯರೇಖೆಯಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆ ವೇಗ ಅರ್ಧಕ್ಕಿಳಿದು 835 ಕಿ.ಮೀ. ಆಗುತ್ತದೆ. ಜೆಟ್ ವಿಮಾನವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಪಶ್ಚಿಮಕ್ಕೆ ಓಡುವುದರಿಂದ ಸೂರ್ಯ ತಾಸುಗಟ್ಟಲೆ ಇದ್ದಲ್ಲೇ ನಿಂತಂತಿರುತ್ತಾನೆ. ಪೂರ್ವಕ್ಕೆ ಬರುವಾಗ ಎಲ್ಲ ತಿರುವುಮುರುವು: ಹಗಲು ಬೇಗ ಮುಗಿಯುತ್ತದೆ, ರಾತ್ರಿಯೂ ಚಿಕ್ಕದಾಗುತ್ತದೆ.

ಆದ್ದರಿಂದ ಟಿಕೆಟ್ಟಿನಲ್ಲಿರುವ ಪ್ರತಿ ಹಾರಾಟಕ್ಕೂ ಹೊರಡುವ, ಇಳಿಯುವ ಸ್ಥಳೀಯ ಸಮಯ ಬರೆದುಕೊಂಡು ಎಲ್ಲಿ ಬೆಳಕು ಇರುತ್ತದೆ ಎಂದು ಗುರುತು ಹಾಕಿ. ಸೀಟಿಗೆ ಹೆಚ್ಚುವರಿ ದುಡ್ಡು ಕೊಡುವುದಿದ್ದರೆ ಬೆಳಕಿರುವ ಹಾರಾಟಕ್ಕೆ ಕೊಡಿ. ರಾತ್ರಿಯದಕ್ಕೆ ಐಲ್ ಸೀಟಿನಲ್ಲಿ ಕಾಲು ಚಾಚಿ ಮಲಗುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಒಂದು ವಿನಾಯಿತಿ ಇದೆ, ಉತ್ತರದ ರಾತ್ರಿಯಾಕಾಶದಲ್ಲಿ ಬೆಳಗುವ ಬಣ್ಣದ ಬೆಳಕು, ಧ್ರುವಪ್ರಭೆ. ಅದು ಮುಂದೆ ಬರುತ್ತದೆ.

ತಿಂಗಳನ್ನೂ ನೋಡಿ. ಡಿಸೆಂಬರಿನಲ್ಲಿ ಉತ್ತರ ಧ್ರುವದ ಸುತ್ತ ಸೂರ್ಯ ಮೂಡುವುದೇ ಇಲ್ಲ, ಜೂನಿನಲ್ಲಿ ಮುಳುಗುವುದಿಲ್ಲ.

2. ವಿಮಾನ ನಿಜವಾಗಿ ಹೋಗುವ ದಾರಿ ತಿಳಿಯಿರಿ

ಗೋಡೆಗೆ ಹಾಕಿದ ನಕ್ಷೆಯ ಮೇಲೆ ಗೆರೆ ಎಳೆದರೆ ತಪ್ಪಾಗುತ್ತದೆ. ಮಕ್ಕಳ ಗ್ಲೋಬ್ ಇದ್ದರೆ ತೆಗೆದುಕೊಂಡು ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಅಟ್ಲಾಂಟಿಕ್ ನಡುವೆಯೂ ಹೋಗದೆ, ಪೆಸಿಫಿಕ್ ನಡುವೆಯೂ ಹೋಗದೆ ಉತ್ತರಕ್ಕೆ ಏರಿ ಸೈಬೀರಿಯಾ, ಅಲಾಸ್ಕಾ ಮೇಲೆ ಹಾಯುತ್ತದೆ. ಆ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದದ್ದು ಇನ್ನೂ ಉತ್ತರಕ್ಕೆ, ಧ್ರುವದ ಮೇಲಿನ ದಾರಿಯಲ್ಲಿ. ಗ್ಲೋಬ್ ಇಲ್ಲದವರಿಗೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣ ಇದೇ ಗೆರೆ ಎಳೆದು ತೋರಿಸುತ್ತದೆ.

ದಾರ ತೋರಿಸುವುದು ಅತಿ ಹತ್ತಿರದ ದಾರಿ ಅಷ್ಟೇ. ವಿಮಾನ ಅದರಿಂದ ಸರಿದು ಹೋಗಲು ಗಾಳಿ ಒಂದು ಕಾರಣ, ದೇಶದೇಶಗಳ ಜಗಳ ಇನ್ನೊಂದು. 2022ರಿಂದ ರಷ್ಯಾದ ಆಕಾಶ ಯುರೋಪ್, ಬ್ರಿಟನ್, ಅಮೆರಿಕದ ಕಂಪನಿಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹಾಗಾಗಿ ಒಂದೇ ಊರಿಂದ ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ವಿಮಾನಗಳು ಬೇರೆ ಬೇರೆ ದೇಶಗಳ ಮೇಲೆ ಹಾರಬಹುದು. ಕೆಲವು ವರ್ಷಗಳ ಹಿಂದೆ ಹೋಗಿಬಂದವರು "ಎಡಕ್ಕ ಕೂಡ್ರಿ, ಹಿಮದ ಗುಡ್ಡ ಕಾಣ್ತಾವ" ಎಂದು ಹೇಳಿದ್ದನ್ನು ನಂಬಿ ಸೀಟು ಹಿಡಿಯಬೇಡಿ.

ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಕಳೆದ ಒಂದು ವಾರ ಅದು ಹಾರಿದ ಗೆರೆಗಳನ್ನು ನೋಡಿ. ನಾಲ್ಕೈದು ದಿನ ಒಂದೇ ದಾರಿ ಇದ್ದರೆ ನಿಮ್ಮ ದಿನವೂ ಬಹುಶಃ ಅದೇ. ಆ ಗೆರೆಯ ಎರಡೂ ಬದಿಗೆ ಏನೇನಿದೆ ಎಂದು ಗೂಗಲ್ ಅರ್ತ್‌ನಲ್ಲಿ ನೋಡಿದರೆ ಅರ್ಧ ಕೆಲಸ ಆದಂತೆ. ಎಷ್ಟು ದೂರದವರೆಗೆ ನೋಡಬೇಕು? 11 ಕಿ.ಮೀ. ಎತ್ತರದಿಂದ ದಿಗಂತ ಸುಮಾರು 370 ಕಿ.ಮೀ. ದೂರ ಇರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಇಷ್ಟೇ ದೂರ. ಎತ್ತರದ ಶಿಖರಗಳು ಅದರಾಚೆಯಿಂದಲೂ ತಲೆ ಎತ್ತಿ ಕಾಣಿಸುತ್ತವೆ, ಆದರೆ ಮಬ್ಬು ಇಲ್ಲದ ದಿನ ಮಾತ್ರ.

ಹಿಮಾಲಯವನ್ನು ದಾಟುವ ಆಸೆ ಇದ್ದವರಿಗೆ ಒಂದು ಮಾತು. ಪ್ರಯಾಣಿಕರ ವಿಮಾನಗಳು ಟಿಬೆಟ್ ಪ್ರಸ್ಥಭೂಮಿಯ ನಡುವೆ ಹಾಯುವುದು ತೀರ ಕಡಿಮೆ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ತಡಮಾಡದೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಹಿಮಾಲಯವನ್ನು ಪಕ್ಕದಿಂದ ನೋಡಬೇಕು. ಅದಕ್ಕೆ ವಿದೇಶಕ್ಕೇ ಹೋಗಬೇಕೆಂದಿಲ್ಲ. ದೆಹಲಿಯಿಂದ ಬಾಗ್‌ಡೋಗ್ರಾ, ಗುವಾಹಟಿ ಅಥವಾ ಕಠ್ಮಂಡುವಿಗೆ ಹೋಗುವಾಗ ಎಡಗಡೆ, ಬರುವಾಗ ಬಲಗಡೆ ಕೂತರೆ ಅಕ್ಟೋಬರ್‌, ನವೆಂಬರ್‌ನಲ್ಲಿ ಕಣ್ತುಂಬ ಕಾಣಿಸುತ್ತದೆ.

3. ಕಡೆ ಆರಿಸಿ: ಸೂರ್ಯನಿಗೆ ಬೆನ್ನು

ಮುಂದಕ್ಕೆ ಮುಖ ಮಾಡಿ ಕೂತಾಗ 'ಎ' ಸೀಟು ಎಡಗಡೆಯ ಕಿಟಕಿ. ಬಲಗಡೆಯ ಕಿಟಕಿ ಚಿಕ್ಕ ವಿಮಾನಗಳಲ್ಲಿ 'ಎಫ್', ದೊಡ್ಡವುಗಳಲ್ಲಿ ಹೆಚ್ಚಾಗಿ 'ಕೆ', ಅಮೆರಿಕದ ಕೆಲವು ಕಂಪನಿಗಳಲ್ಲಿ 'ಎಲ್'. ಅಡುಗೆಮನೆ ಆಗ್ನೇಯಕ್ಕೇ ಇರಬೇಕು ಎಂದು ಹಟ ಹಿಡಿಯುವ ನಮಗೆ ದಿಕ್ಕು ಹೊಸದಲ್ಲ. ವಿಮಾನದ ಮೂತಿ ಯಾವ ಕಡೆ ಎಂದು ಗೊತ್ತಾದರೆ ಎಡ ಬಲ ತಾನಾಗಿ ಗೊತ್ತಾಗುತ್ತದೆ.

ಉತ್ತರ ಗೋಳಾರ್ಧದಲ್ಲಿ, ಅದರಲ್ಲೂ ಯುರೋಪ್, ಅಮೆರಿಕದ ಅಕ್ಷಾಂಶಗಳಲ್ಲಿ, ನಡುಹಗಲಿನ ಸೂರ್ಯ ದಕ್ಷಿಣಕ್ಕಿರುತ್ತಾನೆ. ಪಶ್ಚಿಮಕ್ಕೆ ಹಾರುವಾಗ ದಕ್ಷಿಣ ನಿಮ್ಮ ಎಡಕ್ಕೆ. ಅಂದರೆ ಎಡಗಡೆಯವರಿಗೆ ಬಿಸಿಲು, ಬಲಗಡೆಯವರಿಗೆ ನೋಟ. ಪೂರ್ವಕ್ಕೆ ಹಾರುವಾಗ ಇದು ಅದಲುಬದಲು. ಸೂರ್ಯ ನಿಮ್ಮ ಕಿಟಕಿಗೆ ನೇರ ಹೊಡೆದರೆ ಗಾಜಿನ ಮೇಲಿನ ಪ್ರತಿ ಗೀರೂ ಹೊಳೆದು, ಕೆಳಗಿನ ನೆಲ ಬೂದು ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಅದೇ ನೆಲಕ್ಕೆ ಬಣ್ಣ ಬರುತ್ತದೆ. ಆಸ್ಟ್ರೇಲಿಯಾಕ್ಕೆ ಹೋಗುವವರು ನೆನಪಿಡಿ, ಅಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ.

ಲಂಡನ್‌–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟವನ್ನೇ ತೆಗೆದುಕೊಳ್ಳಿ. ಗಾಳಿ ನೋಡಿಕೊಂಡು ಅದು ಹಲವು ದಿನ ಗ್ರೀನ್‌ಲ್ಯಾಂಡಿನ ಮೇಲೆ ಹಾಯುತ್ತದೆ. ಆ ದ್ವೀಪದ ಸುಮಾರು ಶೇ 80ರಷ್ಟು ಭಾಗದ ಮೇಲೆ ಹಿಮದ ಹಾಳೆ ಹಾಸಿದೆ; ಅಂಚಿನಲ್ಲಿ ಮಾತ್ರ ಕಪ್ಪು ಬೆಟ್ಟಗಳ ನಡುವೆ ಹಿಮನದಿಗಳು ಸಮುದ್ರಕ್ಕಿಳಿಯುತ್ತವೆ. ಎಡಗಡೆ ಕೂತರೆ ಹಿಮದಿಂದ ಪುಟಿದ ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಬಲಗಡೆ, ಅಂದರೆ ಕೆ, ಕೂತರೆ ಬಿರುಕು ಬಿರುಕೂ ಕಾಣುತ್ತದೆ.

ಕೆಲವೊಮ್ಮೆ ನೋಟ ಮತ್ತು ಸೂರ್ಯ ಒಂದೇ ಕಡೆಗೆ ಬೀಳುತ್ತವೆ. ಮಧ್ಯಾಹ್ನ ಫ್ರಾಂಕ್‌ಫರ್ಟ್ ಬಿಟ್ಟು ಆಗ್ನೇಯಕ್ಕೆ, ನಮ್ಮ ಕಡೆ, ಬರುವಾಗ ಆಲ್ಪ್ಸ್ ಬಲಗಡೆ ಇರುತ್ತದೆ, ಸೂರ್ಯನೂ ಬಲಗಡೆಯೇ. ಬರಿಗಣ್ಣಿಗೆ ಅದೂ ಚಂದ: ಬೆಟ್ಟದ ಸಾಲುಗಳು ಒಂದರ ಹಿಂದೊಂದು ನೆರಳಾಗಿ ನಿಲ್ಲುತ್ತವೆ. ಫೋಟೊಗೆ ಮಾತ್ರ ಸೋಲು. ಹೋಗುವಾಗ ಮುಂಜಾನೆ ಅದೇ ಆಲ್ಪ್ಸ್ ಎಡಗಡೆ, ಸೂರ್ಯ ಬಾಲದ ಹಿಂದೆ. ಫೋಟೊ ಬೇಕಾದವರು ಹೋಗುವಾಗಲೇ 'ಎ' ಹಿಡಿಯಲಿ.

ಸೂರ್ಯನಿಗೆ ಬೆನ್ನು ಮಾಡಿ ಕೂತವರಿಗೆ ಇನ್ನೆರಡು ಲಾಭಗಳಿವೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೆಳಗೆ ಮೋಡದ ಹಾಸು ಇದ್ದರೆ ವಿಮಾನದ ನೆರಳಿನ ಸುತ್ತ ಬಣ್ಣದ ಉಂಗುರಗಳು ಕಾಣಿಸುತ್ತವೆ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ವಾಪಸ್ ಚದುರಿಸುವುದರಿಂದ ಹೀಗಾಗುತ್ತದೆ, ಅದು ಸೂರ್ಯನ ಎದುರು ಬದಿಗೆ ಮಾತ್ರ ಸಾಧ್ಯ. ಸೂರ್ಯ ಮುಳುಗಿದ ಕೂಡಲೇ ಅದೇ ಬದಿಯ ದಿಗಂತದಲ್ಲಿ ನೀಲಿ-ಬೂದು ಪಟ್ಟಿಯೊಂದು ಮೇಲೇಳುತ್ತದೆ, ಅದರ ಮೇಲೆ ಗುಲಾಬಿ ಅಂಚು. ಆ ನೀಲಿ ಪಟ್ಟಿ ಭೂಮಿಯದೇ ನೆರಳು.

ಧ್ರುವಪ್ರಭೆಯ ವಿಷಯ. ಅಮೆರಿಕದಿಂದ ಯುರೋಪಿಗೆ ಬರುವ ವಿಮಾನಗಳು ಸಾಮಾನ್ಯವಾಗಿ ರಾತ್ರಿಯವು. ಪೂರ್ವಕ್ಕೆ ಬರುವುದರಿಂದ ಉತ್ತರ ಎಡಕ್ಕಿರುತ್ತದೆ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಕೆನಡಾ, ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗ ದಾಟುವಾಗ 'ಎ' ಸೀಟಿನಲ್ಲಿ ಎಚ್ಚರ ಇರಿ. ಮೊದಲು ಅದು ಬಿಳಿ ಮೋಡದಂತೆಯೇ ಕಾಣುವುದು. ಫೋನಿನ ನೈಟ್ ಮೋಡ್‌ನಲ್ಲಿ ಫೋಟೊ ತೆಗೆದರೆ ಹಸಿರು ಬಂದು ಗುಟ್ಟು ರಟ್ಟಾಗುತ್ತದೆ.

4. ಮೊದಲು ನಮ್ಮೂರ ಆಕಾಶದಲ್ಲಿ ಅಭ್ಯಾಸ

ಈ ಲೆಕ್ಕ ಕೈಗೆ ಹತ್ತಲು ಗೋಕುಲ ರಸ್ತೆಯ ನಿಲ್ದಾಣದಿಂದ ಹೊರಡುವ ವಿಮಾನವೇ ಸಾಕು, ಹೇಗೂ ಬೆಂಗಳೂರಿಗೋ ಮುಂಬಯಿಗೋ ಹೋಗಿಯೇ ದೊಡ್ಡ ವಿಮಾನ ಹತ್ತಬೇಕು. ಬೆಂಗಳೂರಿಗೆ ಹೋಗುವಾಗ ಮೂತಿ ಆಗ್ನೇಯಕ್ಕೆ. ನೇರ ಗೆರೆ ಎಳೆದರೆ ಎಡಕ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡ, ಅದರ ಮೇಲಿನ ಗಾಳಿಯಂತ್ರಗಳು. ಸ್ವಲ್ಪ ಹೊತ್ತಿಗೆ ಕೆಳಗೆ ತುಂಗಭದ್ರೆ. ಬಲಕ್ಕೆ ಹಾವೇರಿ, ರಾಣೆಬೆನ್ನೂರು ಕಡೆಯ ಹೊಲಗಳು, ಮುಂದೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ. ಸಂಜೆಯ ವಿಮಾನವಾದರೆ ಸೂರ್ಯ ಬಲಕ್ಕೆ, ಆದ್ದರಿಂದ ಎಡಗಡೆ ವಾಸಿ. ಬೆಳಿಗ್ಗೆ ಇದರ ಉಲ್ಟಾ. ಮುಂಬಯಿಗೆ ವಾಯವ್ಯಕ್ಕೆ ಹೋಗುವಾಗ ಸಹ್ಯಾದ್ರಿ, ಕೊಯ್ನಾ ಜಲಾಶಯ ಎಡಕ್ಕೆ. ಬೆಳಗಿನ ವಿಮಾನವಾದರೆ 'ಎ' ಬಿಟ್ಟು ಬೇರೆ ಯೋಚಿಸಬೇಡಿ. ಮಳೆಗಾಲ ಮುಗಿದ ಅಕ್ಟೋಬರ್ ಇದಕ್ಕೆ ಒಳ್ಳೆಯ ಕಾಲ, ಮೇ ತಿಂಗಳಲ್ಲಿ ಬರೀ ಧೂಳಿನ ಮಬ್ಬು.

ಇಲ್ಲಿ ಎಟಿಆರ್ 72 ಎಂಬ ಚಿಕ್ಕ ಪ್ರೊಪೆಲರ್ ವಿಮಾನ ಸಿಕ್ಕರೆ ಬೇಸರ ಪಡಬೇಡಿ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ನೆಲ ನೋಡಲು ಅಡ್ಡಿಯಿಲ್ಲ, ಜೆಟ್‌ಗಿಂತ ಕೆಳಗೆ ಹಾರುತ್ತದೆ, ಎರಡೆರಡೇ ಸೀಟು. ಎಂಜಿನ್ ಪಕ್ಕದ ಸಾಲುಗಳನ್ನು ಬಿಟ್ಟು ಹಿಂದೆ ಕೂತರೆ ಆಯಿತು.

ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ನಂದಿಬೆಟ್ಟ ನಿಲ್ದಾಣದ ಉತ್ತರಕ್ಕೆ. ವಿಮಾನ ಗಾಳಿಗೆ ಎದುರಾಗಿಯೇ ಏರುವುದರಿಂದ ಪಶ್ಚಿಮದ ಗಾಳಿ ಬೀಸುವ ಮಳೆಗಾಲದಲ್ಲಿ ಹೊರಡುವಾಗ ನಂದಿ ಬಲಕ್ಕೆ, ಮೂಡಣ ಗಾಳಿಯ ಚಳಿಗಾಲದಲ್ಲಿ ಎಡಕ್ಕೆ. ಇಳಿಯುವ ಊರುಗಳಿಗೂ ಇದೇ ನ್ಯಾಯ: ಸಿಡ್ನಿಗೆ ಉತ್ತರದಿಂದ ಇಳಿದರೆ ಬಂದರು, ಸೇತುವೆ ಎಡಕ್ಕೆ, ಗಾಳಿ ತಿರುಗಿ ದಕ್ಷಿಣದಿಂದ ಇಳಿಸಿದರೆ ಆ ನೋಟ ಇಲ್ಲ. ಇದನ್ನು ಯಾವ ಸೀಟಿಗೂ ದುಡ್ಡು ಕೊಟ್ಟು ಖಚಿತ ಮಾಡಿಕೊಳ್ಳಲಾಗದು.

ಕೊಲ್ಲಿಗೆ ಹೋಗುವವರಿಗೆ ಒಂದು ಖುಷಿಯ ವಿಷಯ: ಬೆಂಗಳೂರು–ದುಬೈ ನೇರ ಗೆರೆ ಹಾವೇರಿಯ ಆಸುಪಾಸಿನಲ್ಲೇ ಹಾಯುತ್ತದೆ. ಹೊರಟು ಅರ್ಧ ತಾಸಿಗೆ, ಮೋಡವಿಲ್ಲದ ರಾತ್ರಿ, ಬಲಗಡೆ ಹುಬ್ಬಳ್ಳಿ-ಧಾರವಾಡದ ದೀಪಗಳು.

5. ವಿಮಾನ ಯಾವುದು, ಸಾಲು ಯಾವುದು

ಟಿಕೆಟ್ಟಿನಲ್ಲಿ ವಿಮಾನದ ಮಾದರಿ ಇರುತ್ತದೆ. ಹಾರಿಸುವ ಕಂಪನಿ ಯಾವುದೆಂದೂ ನೋಡಿ, ಒಬ್ಬರ ಟಿಕೆಟ್ ಮೇಲೆ ಇನ್ನೊಬ್ಬರ ವಿಮಾನ ಬರುವುದು ಸಾಮಾನ್ಯ. ಬೋಯಿಂಗ್ 787ರ ಕಿಟಕಿಗಳು ಎಲ್ಲಕ್ಕಿಂತ ದೊಡ್ಡವು, ಸುಮಾರು 47 ಸೆಂ.ಮೀ. ಎತ್ತರ. ಆದರೆ ಅದಕ್ಕೆ ಎಳೆಯುವ ಪರದೆ ಇಲ್ಲ, ಗುಂಡಿ ಒತ್ತಿ ಗಾಜನ್ನು ಕಪ್ಪಾಗಿಸುವ ವ್ಯವಸ್ಥೆ; ಸಿಬ್ಬಂದಿ ಬಯಸಿದರೆ ಇಡೀ ವಿಮಾನದ ಕಿಟಕಿಗಳನ್ನು ಒಮ್ಮೆಗೇ ಕಪ್ಪು ಮಾಡಿ ಬೀಗ ಹಾಕಬಹುದು. ನೋಟಕ್ಕಾಗಿಯೇ ಹೋಗುವವನಿಗೆ ಇದು ಹಿಂಸೆ. ಕೈಯಿಂದ ಎಳೆಯುವ ಪರದೆ ಇರುವ ಏರ್‌ಬಸ್ ಎ350 ನನಗೆ ಹೆಚ್ಚು ಇಷ್ಟ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಎ330 ಹುಡುಕಿ. ಅದರಲ್ಲಿ ಕಿಟಕಿ ಬದಿಗೆ ಎರಡೇ ಸೀಟು, ಮೂರನೆಯವರ ಕಾಟವಿಲ್ಲ.

ಸಾಲಿನ ವಿಷಯದಲ್ಲಿ ಶತ್ರು ರೆಕ್ಕೆ. ಇಕಾನಮಿಯ ಮಧ್ಯದ ಸಾಲುಗಳಲ್ಲಿ ಕೂತರೆ ಕೆಳಗೆ ನೋಡಿದಾಗಲೆಲ್ಲ ತಗಡೇ. ರೆಕ್ಕೆಯ ಮುಂದೆ ಸಿಗುವ ಇಕಾನಮಿ ಸಾಲುಗಳು ಕಡಿಮೆ, ದುಬಾರಿಯೂ ಹೌದು, ಆದರೆ ನೋಟಕ್ಕೆ ಅವೇ ಶ್ರೇಷ್ಠ. ರೆಕ್ಕೆಯ ಹಿಂದೆ ಕೂರುವುದಾದರೆ ಅದರ ಅಂಚಿನಿಂದ ಆರೇಳು ಸಾಲು ಹಿಂದೆ ಸರಿಯಿರಿ. ಎಂಜಿನ್ನಿನ ಬಿಸಿ ಗಾಳಿ ಹಾಯುವ ಜಾಗದಲ್ಲಿ ನೆಲ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ, ಫೋಟೊ ಮಸುಕಾಗುತ್ತದೆ. ತೀರ ಬಾಲದ ಕೊನೆಯ ಸಾಲುಗಳೂ ಬೇಡ. ಶೌಚಾಲಯದ ಸಾಲು ನಿಮ್ಮ ತಲೆಯ ಮೇಲೇ ನಿಲ್ಲುತ್ತದೆ, ಕುಲುಕಾಟವೂ ಅಲ್ಲಿ ಹೆಚ್ಚು.

6. ಕಿಟಕಿ ಇದೆಯೇ ಎಂದು ನೋಡಿ

ತಮಾಷೆಯಲ್ಲ. ಕಿಟಕಿಗಳ ಅಂತರ ನಿರ್ಧರಿಸುವುದು ವಿಮಾನ ಕಟ್ಟುವವರು, ಸೀಟುಗಳ ಅಂತರ ನಿರ್ಧರಿಸುವುದು ಹಾರಿಸುವವರು. ಎರಡೂ ಹೊಂದುವುದಿಲ್ಲ. ಹಾಗಾಗಿ ಒಂದು ಸಾಲಿಗೆ ಎರಡು ಕಿಟಕಿ, ಇನ್ನೊಂದಕ್ಕೆ ಭುಜದ ಹಿಂದೆ ಅರ್ಧ, ಮತ್ತೊಂದಕ್ಕೆ ಬರೀ ಗೋಡೆ. ಬೋಯಿಂಗ್ 737ರಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾಯುವ ಕಡೆ, ರೆಕ್ಕೆಯ ಮುಂದೆ, ಕಿಟಕಿಯೇ ಇರುವುದಿಲ್ಲ. ತುರ್ತು ಬಾಗಿಲ ಪಕ್ಕದ ಸೀಟಿಗೂ ಹೀಗಾಗುವುದುಂಟು. ಅಲ್ಲಿ ಕಾಲಿಗೆ ಜಾಗ ಧಾರಾಳ, ಕಣ್ಣಿಗೆ ಉಪವಾಸ.

ಕಂಪನಿಯ ಸೀಟಿನ ನಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಏರೋಲೋಪಾ ಎಂಬ ಜಾಲತಾಣದಲ್ಲಿ ಕಂಪನಿ ಮತ್ತು ಮಾದರಿ ಹಾಕಿದರೆ ಅಳತೆಗೆ ತಕ್ಕ ಚಿತ್ರ ಬರುತ್ತದೆ: ರೆಕ್ಕೆ, ಪ್ರತಿ ಸಾಲು, ಪ್ರತಿ ಕಿಟಕಿ. ನಿಮ್ಮ ಸೀಟಿನ ಬೆನ್ನಿಗಿಂತ ಸ್ವಲ್ಪ ಮುಂದೆ ಕಿಟಕಿ ಬೀಳುವ ಸಾಲನ್ನು ಆರಿಸಿ.

7. ಹಿಡಿದ ಸೀಟು ಉಳಿಸಿಕೊಳ್ಳಿ

ಏಜೆಂಟರಿಗೆ "ವಿಂಡೋ" ಎಂದು ಬಿಡದೆ, ವಿಮಾನದ ಸಂಖ್ಯೆಯ ಎದುರು ಸೀಟಿನ ಸಂಖ್ಯೆಯನ್ನೇ ಬರೆದು ಕೊಡಿ, ಎರಡನೆಯ ಆಯ್ಕೆಯನ್ನೂ ಬರೆಯಿರಿ. ದುಡ್ಡು ಕೊಡಲು ಮನಸ್ಸಿಲ್ಲದವರು ವೆಬ್ ಚೆಕ್-ಇನ್ ತೆರೆಯುವ ಹೊತ್ತಿಗೆ, ಕಂಪನಿಯ ನಿಯಮದಂತೆ 24 ಅಥವಾ 48 ತಾಸು ಮೊದಲು, ತಯಾರಿರಬೇಕು. ಕೊನೆಗಳಿಗೆಯಲ್ಲಿ ವಿಮಾನದ ಮಾದರಿ ಬದಲಾದರೆ ಸೀಟೂ ಬದಲಾಗುತ್ತದೆ, ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ.

8. ಕೂತ ಮೇಲೆ

ಗಾಜಿನ ಮೇಲೆ ಹಿಂದಿನವರ ತಲೆಯೆಣ್ಣೆಯ ಗುರುತು ಇದ್ದೇ ಇರುತ್ತದೆ. ಮೊದಲು ಮೆತ್ತನೆಯ ಬಟ್ಟೆಯಿಂದ ಒರೆಸಿ. ಫೋನನ್ನು ಗಾಜಿಗೆ ಹತ್ತಿರ ಹಿಡಿಯಿರಿ, ಒತ್ತಬೇಡಿ, ಒತ್ತಿದರೆ ನಡುಕ ಫೋಟೊಗೆ ಇಳಿಯುತ್ತದೆ. ರಾತ್ರಿಯಾದರೆ ತಲೆ ಮತ್ತು ಫೋನಿನ ಮೇಲೆ ಕಪ್ಪು ಶಾಲು ಹೊದ್ದು ಒಳಗಿನ ದೀಪದ ಪ್ರತಿಬಿಂಬ ತಪ್ಪಿಸಿ, ಫ್ಲ್ಯಾಶ್ ಬೇಡ. ಪೋಲರೈಸ್ಡ್ ಕನ್ನಡಕ ತೆಗೆದಿಡಿ, ಅದರಲ್ಲಿ ಗಾಜಿನ ತುಂಬ ಕಾಮನಬಿಲ್ಲಿನ ಕಲೆಗಳು ಕಾಣುತ್ತವೆ. ಪುಣೆ, ಲೇಹ್, ಗೋವಾದ ದಾಬೋಲಿಂನಂಥ ರಕ್ಷಣಾ ನಿಲ್ದಾಣಗಳಲ್ಲಿ ಮಾತ್ರ ಫೋಟೊ ತೆಗೆಯಲೇಬಾರದು.

ಕೆಳಗೆ ಕಾಣುವ ಊರು ಯಾವುದು? ಹೊರಡುವ ಮೊದಲು ದಾರಿಯ ನಕ್ಷೆಗಳನ್ನು ಫೋನಿಗೆ ಆಫ್‌ಲೈನ್ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಉಪಗ್ರಹದ ಸಂಕೇತ ಹಿಡಿಯುತ್ತದೆ, ಫೋನ್ ಕಿಟಕಿಗೆ ತಾಗುವಷ್ಟು ಹತ್ತಿರ ಇರಬೇಕಷ್ಟೇ.

ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋಗುವವರಲ್ಲಿ ಮಗಳ ಬಾಣಂತನಕ್ಕೆ ಹೊರಟ ಅವ್ವ, ಅಪ್ಪ ಬಹಳ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇದ್ದು ತಾಸಿಗೊಮ್ಮೆ ಏಳಬೇಕಾದವರನ್ನು ಕಿಟಕಿಗೆ ಕೂರಿಸಿದರೆ ಪ್ರತಿ ಸಲ ಇಬ್ಬರು ಅಪರಿಚಿತರನ್ನು ಎಬ್ಬಿಸಬೇಕು. ಸಂಕೋಚಕ್ಕೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಕಾಲು ಬಾವು ಬರುತ್ತದೆ. ಅಂಥವರಿಗೆ ಐಲ್ ಸೀಟೇ ಹಿಡಿಯಿರಿ. ಗ್ರೀನ್‌ಲ್ಯಾಂಡ್ ಬಂದಾಗ ಹಿಂದಿನ ಬಾಗಿಲ ಹತ್ತಿರ ಎದ್ದು ಹೋಗಿ ನಿಂತರೆ ಬಾಗಿಲ ಪುಟ್ಟ ಕಿಟಕಿಯಿಂದಲೂ ನೋಡಬಹುದು. ಸೀಟ್ ಬೆಲ್ಟ್ ದೀಪ ಆರಿದ್ದಾಗ ಕೇಳಿದರೆ ಸಿಬ್ಬಂದಿ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.